ಕಿಸ್ವತಿ ಕಾಯ್ದ ಹದಿನಾಲ್ಕು ಬೀಗ

ಪೆಕಲೋಂಗನ್ ಊರಿನ ಉತ್ತರದ ಕೇರಿಗಳಲ್ಲಿ ಸಮುದ್ರ ಹೇಳದೆ ಕೇಳದೆ ಮನೆಯೊಳಕ್ಕೆ ಬರುತ್ತದೆ. ಮಳೆಯೂ ಬೇಡ, ಗಾಳಿಯೂ ಬೇಡ. ಬಿಸಿಲು ಚುರುಗುಟ್ಟುತ್ತಿರುವಾಗಲೇ ಮೋರಿಯಿಂದ ಉಕ್ಕಿ, ಅಂಗಳ ತುಂಬಿ, ಹೊಸ್ತಿಲು ದಾಟಿ, ಮಂಚದ ಕಾಲು ಹಿಡಿದು ನಿಲ್ಲುತ್ತದೆ. ಜನ ನಾಲ್ಕು ಮಾತು ಬೈದು, ಮಂಚದ ಕಾಲಿಗೆ ಇನ್ನೆರಡು ಇಟ್ಟಿಗೆ ಕೊಟ್ಟು, ಎಳೆಹಲಸು ಬೆರೆಸಿದ ಮೆಗೊನೊ ಅನ್ನದ ಪೊಟ್ಟಣ ಬಿಚ್ಚಿ ಊಟಕ್ಕೆ ಕೂರುತ್ತಾರೆ. ಆದರೆ ಆ ವರ್ಷ ನೀರು ಬಾಟಿಕ್ ಬಟ್ಟೆ ಮಾಡುವವರ ಸಂಘದ ನಕ್ಷೆಕೋಣೆಗೆ ನುಗ್ಗಿ, ಮೇಜಿನ ಕೆಳಗಿದ್ದ ಹಳೆಯ ಸರ್ವರಿನ ಹೊಟ್ಟೆಯವರೆಗೆ ಏರಿದಾಗ ಕಿಸ್ವತಿ ಬೈಯಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತು, ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವ ಹಾಗೆ ಆ ಪೆಟ್ಟಿಗೆಯ ನೆತ್ತಿ ಮುಟ್ಟಿ ನೋಡಿದಳು. ತಣ್ಣಗಿತ್ತು.

ಬಾಗಿಲಲ್ಲಿ ನಿಂತಿದ್ದ ಸಂಘದ ಅಧ್ಯಕ್ಷ ರೋಜಿಕಿನ್ ಗಂಟಲು ಸರಿಮಾಡಿಕೊಂಡ. "ಹೋಯ್ತಾ ಬು?"

"ಪೆಟ್ಟಿಗೆ ಹೋಯ್ತು ಪಾ. ಒಳಗಿನ ಡಿಸ್ಕು ಮೇಲ್ಗಡೆ ಇದೆ. ಅದರ ಕಾಲು ನೆಂದಿಲ್ಲ."

ಅಲ್ಲಿ ಹಿರಿಯ ಹೆಂಗಸಿಗೆ ಬು, ಗಂಡಸಿಗೆ ಪಾ, ಹರೆಯದವನಿಗೆ ಮಾಸ್ ಎಂದರೇ ಮರ್ಯಾದೆ. ಕಿಸ್ವತಿಗೆ ಆಗ ಐವತ್ತೇಳು. ಅವಳ ತಾಯಿ ಬಿಸಿ ಮೇಣದಲ್ಲಿ ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದವಳು. ಮಗಳನ್ನು ಮೂರು ಮೈಲಿ ನಡೆಸಿ ಶಾಲೆಗೆ ಕಳಿಸಿ, ಒಂಬತ್ತನೇ ಕ್ಲಾಸಿಗೆ ಕೈಚೆಲ್ಲಿದಳು. ಆಮೇಲೆ ಮೂವತ್ತು ವರ್ಷ ಕಿಸ್ವತಿಯದು ಕಾಗದದ ಮೇಲಿನ ನಕ್ಷೆಯನ್ನು ಪೆನ್ಸಿಲಿನಿಂದ ಬಟ್ಟೆಗೆ ಇಳಿಸುವ ಕೆಲಸ. ಹನ್ನೊಂದು ವರ್ಷದ ಕೆಳಗೆ ಯಾರೋ ಪುಣ್ಯಾತ್ಮರು ಸಂಘಕ್ಕೆ ಎರಡು ಕಂಪ್ಯೂಟರ್, ಒಂದು ಸ್ಕ್ಯಾನರ್, ಒಂದು ಸರ್ವರ್ ಕೊಟ್ಟರು. ಕಲಿಸಲು ಬಂದವನು ಮೂರು ದಿನ ಇದ್ದು, ನಾಲ್ಕನೆಯ ದಿನ ರೈಲು ಹತ್ತಿದ. ಕೋಣೆ ಗುಡಿಸಿ ಚಹಾ ಕಾಸಲು ಇಟ್ಟುಕೊಂಡಿದ್ದ ಕಿಸ್ವತಿಯ ಕೈಗೆ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಕೊಟ್ಟು ಹೋದ. "ಯಾರಾದರೂ ಓದಬಲ್ಲವರಿಗೆ ಕೊಡಿ" ಎಂದಿದ್ದ.

ಅವಳು ಯಾರಿಗೂ ಕೊಡಲಿಲ್ಲ. ಕಡಲೆಕಾಯಿ ಕಟ್ಟುವ ಅಂಗಡಿಯ ರದ್ದಿಯಲ್ಲಿ ಹರಕು ನಿಘಂಟು ಹುಡುಕಿ ತಂದಳು. ದಿನಕ್ಕೆ ಅರ್ಧ ಪುಟ. ಗೊತ್ತಿಲ್ಲದ ಮಾತಿನ ಮೇಲೆ ಪೆನ್ಸಿಲಿನಲ್ಲಿ ಅರ್ಥ ಬರೆಯುತ್ತ ಬರೆಯುತ್ತ, ಎಂಟು ತಿಂಗಳಿಗೆ ಪುಸ್ತಕದ ಪುಟಗಳೆಲ್ಲ ಇರುವೆ ಮುತ್ತಿದ ಹಾಗಾದವು. ದೋಣಿಯ ಹಲಗೆ ಕೂರಿಸುವ ಬಡಗಿ ಅವಳ ಗಂಡ ವಾರ್ಸೊನೊ. "ಏನು, ಮುಲ್ಲಾ ಆಗ್ತೀಯಾ?" ಎಂದು ಛೇಡಿಸಿದ. ಒಂಬತ್ತನೆಯ ತಿಂಗಳು ಸರ್ವರ್ ಮುಗ್ಗರಿಸಿ ಬಿದ್ದಾಗ ಅವಳೇ ಎಬ್ಬಿಸಿ ನಿಲ್ಲಿಸಿದಳು. ಅಂದಿನಿಂದ ಅವನೂ ಛೇಡಿಸುವುದು ಬಿಟ್ಟ.

ಸಂಘದಲ್ಲಿ ಹದಿನಾಲ್ಕು ಮನೆ. ಒಂದೊಂದೇ ಮನೆಗೆ ಸ್ಕ್ಯಾನರ್ ಕೊಳ್ಳುವ ತಾಕತ್ತಿಲ್ಲ. ಹದಿನಾಲ್ಕಕ್ಕೂ ಸೇರಿ ಒಂದು ಕೋಣೆ. ಕೈಯಲ್ಲಿ ಬರೆದ ನಕ್ಷೆಯನ್ನು ತಂದು ಕಂಪ್ಯೂಟರಿಗೆ ಹತ್ತಿಸಿ, ತಿದ್ದಿ, ತಾಮ್ರದ ಅಚ್ಚು ಮಾಡುವವನಿಗೆ ಕಳಿಸುವುದು ಅಲ್ಲಿಂದಲೇ. ಆದರೆ ಪೆಕಲೋಂಗನ್ನಿನಲ್ಲಿ ಒಂದು ಮನೆಯ ಹೊಸ ನಕ್ಷೆ ಪೇಟೆಗೆ ಇಳಿಯುವ ಮೊದಲು ಇನ್ನೊಂದು ಮನೆಯ ಕಣ್ಣಿಗೆ ಬೀಳಕೂಡದು. ಅಕ್ಕಪಕ್ಕದ ಮನೆಯವರು ಒಂದೇ ಬಟ್ಟಲಿನ ಸಾರು ಹಂಚಿಕೊಂಡಾರು, ಮಗಳನ್ನು ಕೊಟ್ಟಾರು, ನಕ್ಷೆ ಮಾತ್ರ ಸೆರಗಿನಡಿ. ಹಾಗಾಗಿ ಸರ್ವರಿನಲ್ಲಿ ಹದಿನಾಲ್ಕು ಫೋಲ್ಡರ್, ಒಂದೊಂದಕ್ಕೂ ಅವರವರದೇ ಬೀಗ. ಆ ಬೀಗಗಳನ್ನು ಹಾಕಿದವಳು ಕಿಸ್ವತಿ. ಹನ್ನೊಂದು ವರ್ಷದಲ್ಲಿ ಒಬ್ಬರ ಗೆರೆ ಇನ್ನೊಬ್ಬರ ಕಡೆ ಹರಿದಿರಲಿಲ್ಲ. ಅವಳಿಗೆ ಹೆಮ್ಮೆ ಎಂಬುದೊಂದಿದ್ದರೆ ಅದು ಇದೇ.

ನೀರು ಇಳಿದ ಮೇಲೆ ಸಂಘ ಹೊಸ ಸರ್ವರ್ ಕೊಂಡಿತು. ಸಮುದ್ರ ಏರಲಾರದ ಮಹಡಿಯ ಮೇಲೆ ಇಟ್ಟರು. ಸೋಮವಾರ ಸೆಮರಾಂಗಿನ ಅಂಗಡಿಯಿಂದ ಗಿಲಾಂಗ್ ಎಂಬ ತಂತ್ರಜ್ಞ ಬಂದು ಜೋಡಿಸಿಕೊಟ್ಟು ಹೋದ. ಮಂಗಳವಾರ ಕಿಸ್ವತಿ ಹದಿನಾಲ್ಕು ಮನೆಯವರ ಹೆಸರುಗಳನ್ನು ಅದಕ್ಕೆ ಹೊಸದಾಗಿ ಬರೆಯಲು ಕೂತಳು. ರೋಜಿಕಿನ್ ಹಿಂದೆ ಕುರ್ಚಿ ಹಾಕಿಕೊಂಡು ಲವಂಗದ ಸಿಗರೇಟು ಹಚ್ಚಿದ.

"ಬು, ಒಂದು ಮಾತು. ಹಳೇ ಪಟ್ಟೀಲಿ ಫತ್ಖುರ್ ಹೆಸರು ಮೊದಲಿತ್ತು. ಹುಡುಗು ಮುಂಡೇದು. ತರ್ವಿಯಾ ಅಜ್ಜಿ ಹೆಸರು ಎಲ್ಲಕ್ಕಿಂತ ಕೆಳಗೆ."

"ಅವನು ಮೊದಲು ಸೇರಿದ್ದ ಪಾ, ಅಜ್ಜಿ ಕೊನೆಗೆ."

"ಸೇರಿದ್ದು ಯಾವಾಗಾದ್ರೂ ಆಗ್ಲಿ, ಹುಟ್ಟಿದ್ದು ಯಾರು ಮೊದಲು? ಎಂಬತ್ತೊಂದು ವರ್ಷದವಳನ್ನ ಆ ಹುಡುಗನ ಕಾಲ ಕೆಳಗೆ ಹನ್ನೊಂದು ವರ್ಷ ಇಟ್ಟಿದ್ವಿ. ಅಜ್ಜಿ ಬಾಯಿ ಬಿಟ್ಟು ಹೇಳಲ್ಲ. ಮರ್ಯಾದಸ್ಥೆ. ಆದ್ರೆ ನಂಗೇ ನಾಚ್ಕೆ ಆಗುತ್ತೆ. ಈಗ ಹ್ಯಾಗೂ ಹೊಸದಾಗಿ ಬರೀತಿದ್ದೀರಿ. ಹಿರಿಯರಿಂದ ಶುರು ಮಾಡಿ."

ಸರಿಯಾದ ಮಾತೇ. ಹೊಸ ಮನೆಗೆ ಹೋಗುವಾಗ ಹಿರಿಯರನ್ನು ಮುಂದೆ ಬಿಟ್ಟು ಹಿಂದೆ ಹೋಗುವುದಲ್ಲವೇ? ಕಿಸ್ವತಿ ತರ್ವಿಯಾ ಅಜ್ಜಿಯಿಂದ ಶುರು ಮಾಡಿ, ವಯಸ್ಸಿನ ಪ್ರಕಾರ ಇಳಿಯುತ್ತ ಬಂದು, ಮೂವತ್ತೆಂಟರ ಫತ್ಖುರನ ಹೆಸರನ್ನು ಕೊನೆಗೆ ಬರೆದಳು. ಆಮೇಲೆ ಹಳೆಯ ಡಿಸ್ಕಿನಿಂದ ಹದಿನಾಲ್ಕು ಫೋಲ್ಡರುಗಳನ್ನೂ ಒಂದಕ್ಷರ ಬಿಡದೆ ಹೊಸದಕ್ಕೆ ಸಾಗಿಸಿದಳು. ಸಂಜೆ ಬಾಗಿಲು ಹಾಕಿಕೊಂಡು ಹೋಗುವಾಗ ಮೈ ಹಗುರವಾಗಿತ್ತು.

ಬುಧವಾರ ಬೆಳಿಗ್ಗೆ ಕೋಣೆ ತೆರೆದ ಅರ್ಧ ಗಂಟೆಗೆ, ಹದಿನಾಲ್ಕು ಮನೆಯವರಲ್ಲೊಬ್ಬಳಾದ ಜುಮರೋಹ್ ಕೂಗಿಕೊಂಡಳು. ಮೂರು ಅಂಗಡಿ ಆಚೆ ಸಾರು ಮಾರುವವಳಿಗೂ ಕೇಳುವಂಥ ಗಂಟಲು ಅವಳದು.

"ಬು ಕಿಸ್! ಇದ್ಯಾವ ನಮೂನೆ ಯಂತ್ರಾರೀ! ನನ್ನ ಮನೆಗೆ ನನ್ನನ್ನೇ ಬಿಡಲ್ಲ ಅಂತಿದೆ!"

ಕಿಸ್ವತಿ ಬಂದು ನೋಡಿದಳು. ಜುಮರೋಹಳ ಹೆಸರಿನ ಫೋಲ್ಡರ್ ಒತ್ತಿದರೆ, ಅನುಮತಿ ಇಲ್ಲ ಎಂದು ಕೆಂಪಗೆ ಬರೆದುಕೊಂಡು ಬರುತ್ತಿತ್ತು. ಪಾಸ್‌ವರ್ಡ್ ಮತ್ತೆ ಹಾಕಿಸಿದಳು. ಇಲ್ಲ.

"ಅದು ಹೋಗ್ಲಿ, ಇದನ್ನ ನೋಡಿ" ಎಂದಳು ಜುಮರೋಹ್. ದನಿ ಈಗ ತಗ್ಗಿತ್ತು, ಅದೇ ಹೆಚ್ಚು ಹೆದರಿಕೆ ಹುಟ್ಟಿಸುವಂತಿತ್ತು. "ಕೈ ತಪ್ಪಿ ಪಾ ರೋಜಿಕಿನ್‌ದು ಒತ್ಬಿಟ್ಟೆ. ತೆರೆದ್ಕೊಳ್ತು. ನಿಮ್ಮಾಣೆ, ನಕ್ಷೆ ಒಂದೂ ಇಲ್ಲ. ಬರೀ ಗುಬ್ಬಿ ಫೋಟೋ."

"ಗುಬ್ಬಿ ಅಲ್ಲ, ಪಾರಿವಾಳ" ಎಂದ ರೋಜಿಕಿನ್ ಬಾಗಿಲಿನಿಂದ. ಮುಖ ಬದನೆಕಾಯಿಯಾಗಿತ್ತು. ಹಾಡುವ ಪಾರಿವಾಳಗಳ ಪಂದ್ಯಕ್ಕೆ ಅವನು ಹೋಗುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಸಂಘದ ಸರ್ವರಿನಲ್ಲಿ ಮುನ್ನೂರು ಹಕ್ಕಿಗಳನ್ನು ಸಾಕಿದ್ದಾನೆಂದು ಗೊತ್ತಿರಲಿಲ್ಲ.

ಯಾರಿಗೂ ನಗು ಬರಲಿಲ್ಲ. ಜುಮರೋಹಳಿಗೆ ಅಧ್ಯಕ್ಷರ ಬಾಗಿಲು ತೆರೆದಿದ್ದರೆ, ಜುಮರೋಹಳ ಬಾಗಿಲು ಯಾರಿಗೆ ತೆರೆದಿದೆ? ಕಿಸ್ವತಿ ಮೆಟ್ಟಿಲು ಎರಡೆರಡು ಹಾರಿ ಮಹಡಿಗೆ ಓಡಿ ಸರ್ವರಿನ ತಂತಿ ಕಿತ್ತಳು. ಕೆಳಗೆ ಪರದೆಗಳೆಲ್ಲ ಖಾಲಿಯಾದವು. ಆಗ ಒಂಬತ್ತೂವರೆ.

ಅಷ್ಟರಲ್ಲಿ ಸುದ್ದಿ ಕೇರಿಗೆ ಹೋಗಿಯಾಗಿತ್ತು. ಮಧ್ಯಾಹ್ನದ ನಮಾಜಿಗೆ ಮೊದಲೇ ಒಂಬತ್ತು ಮನೆಯವರು ಬಂದು ಕೂತರು. ರಂಜಾನಿಗೆ ಇನ್ನು ಒಂದು ತಿಂಗಳು. ಹಬ್ಬದ ಹೊಸ ನಕ್ಷೆಗಳೆಲ್ಲ ಒಳಗಿವೆ, ಭಾನುವಾರ ಅಚ್ಚಿನವನಿಗೆ ಹೋಗಬೇಕು. ಯಾರೂ ಕೂಗಾಡಲಿಲ್ಲ. ಆ ಊರಿನಲ್ಲಿ ಸಿಟ್ಟು ನೆತ್ತಿಗೇರಿದವರು ದನಿ ಇಳಿಸುತ್ತಾರೆ. ಬಟ್ಟೆಗೆ ಬಣ್ಣ ಹಾಕುವ, ಎಲ್ಲರಿಗೂ ಹಿರಿಯವನಂತೆ ಮಾತಾಡುವ ಬಣ್ಣದ ಮನೆಯವನೊಬ್ಬ ಮೆಲ್ಲಗೆ ಹೇಳಿದ: "ಶನಿವಾರ ಸಭೆ ಹ್ಯಾಗೂ ಇದೆ. ಅಷ್ಟರೊಳಗೆ ಸರಿಹೋಗ್ಲಿ. ಆಗಲ್ಲ ಅಂದ್ರೆ ಅವರವರದ್ದು ಅವರವರು ತಗೊಂಡು ಹೋಗೋಣ. ಕೋಣೆ ಮುಚ್ಚೋಣ. ಬು ಕಿಸ್ ಮನಸ್ಸಿಗೆ ಹಚ್ಕೋಬಾರ್ದು."

ಹಚ್ಚಿಕೊಳ್ಳದೆ ಇನ್ನೇನು? ಹನ್ನೊಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದ ಕೋಣೆ ಶನಿವಾರ ಮುಚ್ಚಿಹೋಗುತ್ತದೆ ಎಂದರೆ?

ಅವಳು ಮೊದಲು ಗಿಲಾಂಗನಿಗೆ ಫೋನ್ ಮಾಡಿದಳು.

"ಅಯ್ಯೋ ಬು, ಇಷ್ಟೇನಾ!" ಎಂದ ಅವನು. ಬಾಯಲ್ಲಿ ಏನೋ ಅಗಿಯುತ್ತಿದ್ದ. "ಸರ್ವರ್ ಬದಲಾಯಿಸಿದಾಗ ಪರ್ಮಿಷನ್ ಕೆಡೋದು ಮಾಮೂಲು. ಒಂದು ಸಾಲು ಹೇಳ್ತೀನಿ ಬರ್ಕೊಳ್ಳಿ. ಎಲ್ಲಾ ಫೋಲ್ಡರು ಎಲ್ಲರಿಗೂ ಪೂರ್ತಿ ತೆರೆದುಬಿಡುತ್ತೆ. ಯಾರೂ ಮತ್ತೆ ಕಂಪ್ಲೇಂಟ್ ಮಾಡಲ್ಲ."

"ಎಲ್ಲರಿಗೂ ಎಲ್ಲಾನೂ?"

"ಹೂಂ. ನಾವು ಹತ್ತು ಆಫೀಸಿಗೆ ಹಂಗೇ ಮಾಡಿದ್ದೀವಿ."

"ಮಾಸ್, ನಿಮ್ಮ ಕೇರೀಲಿ ಒಂದು ಮನೆ ಬೀಗ ಕೆಟ್ರೆ ಎಲ್ಲಾ ಮನೆ ಬಾಗಿಲೂ ಕಿತ್ತು ಹಾಕ್ತೀರಾ?"

ಆ ಕಡೆ ಅಗಿಯುವುದು ನಿಂತಿತು. "ಇಲ್ಲ ಬು, ಆದ್ರೆ..."

"ನಿಮ್ಮ ಊಟ ಆರಿಹೋಗುತ್ತೆ. ನಾನು ನೋಡ್ಕೋತೀನಿ."

ನೋಡಿಕೊಳ್ಳುತ್ತೇನೆ ಎಂದು ಫೋನ್ ಇಟ್ಟ ಮೇಲೆ, ಹೇಗೆಂದು ಗೊತ್ತಿರಲಿಲ್ಲ. ಸಾಗಿಸುವಾಗ ಏನಾದರೂ ತುಂಡಾಯಿತೇ ಎಂದು ನೋಡಿದಳು. ಕಡತಗಳ ಲೆಕ್ಕ ಸರಿಯಾಗಿತ್ತು, ಒಂದೂ ಕಡಿಮೆ ಇಲ್ಲ. ಉಪ್ಪುನೀರು ಡಿಸ್ಕಿಗೆ ಬಡಿಯಿತೇ ಎಂದು ಪರೀಕ್ಷೆ ಓಡಿಸಿದಳು. ಡಿಸ್ಕು ಗಟ್ಟಿಮುಟ್ಟು. ಬುಧವಾರ ಹೀಗೇ ಕಳೆಯಿತು.

ಗುರುವಾರ ಬೆಳಿಗ್ಗೆ ಇನ್ನೊಂದು ದಾರಿ ಹೊಳೆಯಿತು. ಫೋಲ್ಡರಿನ ಮೇಲೆ ಹೆಸರಿದೆಯಲ್ಲ? ಜುಮರೋಹ್ ಎಂದಿರುವ ಫೋಲ್ಡರಿನೊಳಗಿನದನ್ನೆಲ್ಲ ಜುಮರೋಹಳದು ಎಂದು ಹೊಸದಾಗಿ ಮುದ್ರೆ ಒತ್ತಿದರಾಯಿತು. ಹದಿನಾಲ್ಕು ಸಲ ಒತ್ತಿದರೆ ಹದಿನಾಲ್ಕು ಮನೆ. ಕೈ ಹಾಕುವ ಮೊದಲು, ಪುಸ್ತಕ ಕಲಿಸಿದ ಬುದ್ಧಿ, ತರ್ವಿಯಾ ಅಜ್ಜಿಯ ಫೋಲ್ಡರಿನ ಒಂದು ನಕಲು ಮಾಡಿಕೊಂಡು ಅದರ ಮೇಲೆ ಪ್ರಯೋಗ ಮಾಡಿದಳು. ಮಾಡಿದ್ದೇ ಒಳ್ಳೆಯದಾಯಿತು. ಅಜ್ಜಿಯ ನಕ್ಷೆಗಳ ನಡುವಿನ ನಾಲ್ಕು ಕಡತಗಳ ಹೆಸರು ನೋಡಿದಾಗ ನೆನಪಾಯಿತು, ಅವು ಜುಮರೋಹಳವು. ಮೂರು ವರ್ಷದ ಕೆಳಗೆ ಮೆಕ್ಕಾ ಯಾತ್ರೆಗೆ ಹೊರಟಾಗ, ತಿರುಗಿ ಬರುತ್ತೇನೋ ಇಲ್ಲವೋ ಎಂದು ತನ್ನ ನಾಲ್ಕು ಒಳ್ಳೆಯ ನಕ್ಷೆಗಳನ್ನು ಅಜ್ಜಿಯ ಮಡಿಲಿಗೆ ಹಾಕಿ ಹೋಗಿದ್ದಳು. ಮಡಿಲು ಅಜ್ಜಿಯದು, ಮುದ್ರೆ ಜುಮರೋಹಳದೇ. ಅದಕ್ಕೊಂದು ದಾರಿ ಮಾಡಿಕೊಟ್ಟಿದ್ದವಳು ಕಿಸ್ವತಿಯೇ. ಅಲ್ಲಿ ಹೀಗೆ ಇಟ್ಟುಹೋಗುವುದು ಎಲ್ಲ ಮನೆಗಳಲ್ಲೂ ಇದೆ. ಒಡವೆಯನ್ನು ಇಡುತ್ತಾರೆ, ಕೋಳಿಯನ್ನು ಇಡುತ್ತಾರೆ, ನಕ್ಷೆಯನ್ನೂ ಇಡುತ್ತಾರೆ. ಫೋಲ್ಡರಿನ ಹೆಸರು ನೋಡಿ ಸಾರಾಸಗಟು ಮುದ್ರೆ ಒತ್ತಿದ್ದರೆ, ನಂಬಿ ಇಟ್ಟ ನಕ್ಷೆಗಳೆಲ್ಲ ಇಟ್ಟುಕೊಂಡವರ ಪಾಲಾಗುತ್ತಿದ್ದವು.

ಎಷ್ಟು ಫೋಲ್ಡರಿನಲ್ಲಿ ಯಾರ ಯಾರ ಇಡುಗಂಟಿದೆಯೋ! ಸಾವಿರಾರು ಕಡತ. ಅವಳು ನಕಲನ್ನು ಅಳಿಸಿ, ಚಹಾ ಕಾಸಿಕೊಂಡು, ಲೋಟ ಹಿಡಿದು ಕೂತಳು.

ಆ ಹೊತ್ತಿಗೆ ತರ್ವಿಯಾ ಅಜ್ಜಿ ಬಂದಳು. ಅಜ್ಜಿ ಬರುವುದು ಬುಧವಾರ. ನಿನ್ನೆ ಗಲಾಟೆಯಲ್ಲಿ ಯಾರೂ ಒಳಗೆ ಬಿಟ್ಟಿರಲಿಲ್ಲ. ಕೈಯಲ್ಲಿ ಸುರುಳಿ ಸುತ್ತಿದ ಕಾಗದ, ಬಾಯಲ್ಲಿ ಎಲೆಅಡಿಕೆ.

"ಸರಿಹೋಯ್ತೇನೆ ಕಿಸ್?"

"ಇಲ್ಲ ಅಜ್ಜಿ. ಯಾರ ಬಾಗಿಲು ಯಾರಿಗೆ ತೆರೆದಿದೆಯೋ ನೋಡ್ತಿದೀನಿ. ನಿಮ್ಮದನ್ನೇ ಮೊದಲು ನೋಡೋಣ. ಪಾಸ್‌ವರ್ಡ್ ಹಾಕಿ."

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲವೆಂದು ಕಿಸ್ವತಿ ಮಹಡಿಗೆ ಹೋಗಿ ಕಿತ್ತ ತಂತಿ ಸಿಕ್ಕಿಸಿ ಬಂದಳು. ಅಜ್ಜಿ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕುಟ್ಟಿದಳು. ನಲವತ್ತು ವರ್ಷದ ಹಿಂದೆ ಸತ್ತ ಮೇಕೆಯ ಹೆಸರು ಅದು. ಕಿಸ್ವತಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ಅಜ್ಜಿಯ ಫೋಲ್ಡರ್ ತೆರೆಯಲಿಲ್ಲ. ಕಿಸ್ವತಿ ಪರದೆಗೆ ಬೆನ್ನು ತಿರುಗಿಸಿ ನಿಂತು, "ಒಂದೊಂದಾಗಿ ಬೇರೆಯವರದ್ದು ಒತ್ತಿ ಅಜ್ಜಿ. ತೆರೆದ ತಕ್ಷಣ ಮುಚ್ಚಿ, ಹೆಸರು ಮಾತ್ರ ಹೇಳಿ" ಎಂದಳು.

"ಫತ್ಖುರನದು ತೆರೀತು. ಮುಚ್ದೆ. ಇಷ್ಟು ಹೊತ್ತೂ ಕಣ್ಣು ಮುಚ್ಕೊಂಡೇ ಒತ್ತಿದೀನಿ, ಹೆದರ್ಬೇಡ."

ಫತ್ಖುರನದು. ಕಿಸ್ವತಿಯ ಲೋಟ ಬಾಯಿಯ ಹತ್ತಿರವೇ ನಿಂತಿತು. ಫತ್ಖುರ್ ಸಂಘಕ್ಕೆ ಮೊದಲು ಬಂದವನು, ಹಳೆಯ ಪಟ್ಟಿಯಲ್ಲಿ ಮೊದಲನೆಯವನು. ಅಜ್ಜಿ ಈಗಿನ ಪಟ್ಟಿಯಲ್ಲಿ ಮೊದಲನೆಯವಳು. ಜುಮರೋಹ್ ವಯಸ್ಸಿನಲ್ಲಿ ಏಳನೆಯವಳು. ರೋಜಿಕಿನ್ ಸಂಘಕ್ಕೆ ಎಷ್ಟನೆಯವನಾಗಿ ಸೇರಿದ್ದ? ಏಳನೆಯವನು!

ಮಹಡಿಗೆ ಹೋಗಿ ಸರ್ವರನ್ನೇ ಕೇಳಿದಳು. ಈವರೆಗೆ ಅದನ್ನು ಕೇಳುತ್ತಿದ್ದದ್ದು, ಈ ಕಡತ ಯಾರದು ಎಂದು. ಈಗ ಹೆಸರು ಬೇಡ, ನಂಬರು ಹೇಳು ಎಂದಳು. ಹೇಳಿತು. ಅಷ್ಟೇ ವಿಷಯ. ಯಂತ್ರಕ್ಕೆ ಜುಮರೋಹೂ ಗೊತ್ತಿಲ್ಲ, ತರ್ವಿಯಾಳೂ ಗೊತ್ತಿಲ್ಲ. ಪಟ್ಟಿಯಲ್ಲಿ ಮೊದಲು ಬರೆಸಿಕೊಂಡವರಿಗೆ 1001, ಆಮೇಲೆ ಬಂದವರಿಗೆ 1002. ಕಡತದ ಮೇಲೆ ಅದು ಒತ್ತುವುದು ಈ ನಂಬರನ್ನೇ. ಕಡತಗಳು ಹನ್ನೊಂದು ವರ್ಷದ ಹಳೆಯ ನಂಬರನ್ನು ಮೈಮೇಲೆ ಹೊತ್ತುಕೊಂಡೇ ಹೊಸ ಮನೆಗೆ ಬಂದಿದ್ದವು. ಬದಲಾದದ್ದು ಮನುಷ್ಯರ ನಂಬರು. ಬದಲಿಸಿದವಳು ಕಿಸ್ವತಿ, ಹಿರಿಯರಿಗೆ ಮರ್ಯಾದೆ ಕೊಡಲು ಹೋಗಿ.

ಅವಳಿಗೆ ನಗು ಬಂತು. ಕಡತಗಳನ್ನು ಮುಟ್ಟಬೇಕಾಗಿಯೇ ಇಲ್ಲ. ಹದಿನಾಲ್ಕು ಜನಕ್ಕೆ ಅವರವರ ಹಳೆಯ ನಂಬರು ವಾಪಸು ಕೊಟ್ಟರೆ, ಫೋಲ್ಡರೂ ಸರಿಹೋಗುತ್ತದೆ, ಇಡುಗಂಟುಗಳೂ ಸರಿಹೋಗುತ್ತವೆ. ಆದರೆ ಮೊದಲು ಇನ್ನೊಂದು ಕೆಲಸವಿತ್ತು. ಬುಧವಾರ ಬೆಳಿಗ್ಗೆಯ ಆ ಅರ್ಧ ಗಂಟೆಯಲ್ಲಿ ಯಾರು ಯಾವ ಬಾಗಿಲು ತೆರೆದರು ಎಂದು ಸರ್ವರ್ ಬರೆದಿಡುತ್ತದೆ. ತೆಗೆದು ನೋಡಿದಳು. ಜುಮರೋಹ್, ರೋಜಿಕಿನ್‌ನ ಫೋಲ್ಡರ್, ಅರ್ಧ ನಿಮಿಷ. ಕೆಳಗೆ ಇನ್ನೊಂದು ಸಾಲು. ಫತ್ಖುರ್, ತರ್ವಿಯಾ ಅಜ್ಜಿಯ ಫೋಲ್ಡರ್, ಒಂಬತ್ತು ಹತ್ತರಿಂದ ಒಂಬತ್ತು ಇಪ್ಪತ್ತೆರಡು. ನಾಲ್ಕು ನಕ್ಷೆ, ಅಜ್ಜಿಯ ಈ ಹಬ್ಬದವು.

ಹನ್ನೆರಡು ನಿಮಿಷ ಕೈ ತಪ್ಪಿದ್ದಲ್ಲ.

ಆ ಹಾಳೆಯನ್ನು ಮುಚ್ಚಿ ಕೆಳಗಿಳಿದು ಬಂದಳು. ಅಜ್ಜಿ ಅಲ್ಲೇ ತೂಕಡಿಸುತ್ತಿದ್ದಳು.

"ಅಜ್ಜಿ, ಒಂದು ಕೇಳ್ಬೇಕು. ಸರಿ ಮಾಡ್ಬೇಕಂದ್ರೆ ಯಂತ್ರದ ಪಟ್ಟೀಲಿ ನಿಮ್ಮ ಹೆಸರು ಮತ್ತೆ ಕೊನೆಗೆ ಹೋಗುತ್ತೆ. ಫತ್ಖುರ್ ಮೊದಲಿಗೆ ಬರ್ತಾನೆ. ಬೇಜಾರಾದ್ರೆ ಹೇಳಿ, ಬೇರೆ ದಾರಿ ಹುಡುಕ್ತೀನಿ."

"ಯಾವ ಪಟ್ಟಿ?"

"ಹನ್ನೊಂದು ವರ್ಷದಿಂದ ಇತ್ತಲ್ಲ ಅಜ್ಜಿ, ಅದು."

"ಅಂಥದ್ದೊಂದಿತ್ತಾ?" ಅಜ್ಜಿ ಬಾಯಿಯ ರಸ ಉಗುಳಲು ಎದ್ದು ಹೋಗಿ ಬಂದಳು. "ಈ ಯಂತ್ರ ಮುಳುಗುತ್ತೋ ತೇಲುತ್ತೋ ಅಂತ ಎಲ್ಲರನ್ನೂ ಮುಂದೆ ಬಿಟ್ಟು ನೋಡ್ದೆ ನಾನು. ಅದಕ್ಕೇ ಕೊನೆಗೆ ಸೇರಿದ್ದು. ಅದ್ರಲ್ಲಿ ಮರ್ಯಾದೆ ಏನು ಬಂತು, ಅದು ಜಾಣತನ. ಹಾಕು ಕೊನೆಗೆ. ಊಟಕ್ಕೆ ಮಾತ್ರ ಮೊದಲು ಬಡಿಸು."

ಶುಕ್ರವಾರ ಬೆಳಿಗ್ಗೆ ಕಿಸ್ವತಿ ಹದಿನಾಲ್ಕು ಹೆಸರು ಅಳಿಸಿ, ಹಳೆಯ ನಂಬರುಗಳ ಪ್ರಕಾರ ಮತ್ತೆ ಬರೆದಳು. ಬುಧವಾರ ಆ ಅರ್ಧ ಗಂಟೆಯಲ್ಲಿ ಹೊಸದಾಗಿ ಹುಟ್ಟಿದ ಮೂರು ಕಡತಗಳಿಗೆ ಮಾತ್ರ ಕೈಯಾರೆ ಮುದ್ರೆ ತಿದ್ದಿದಳು. ಅಜ್ಜಿಯ ಫೋಲ್ಡರಿನಲ್ಲಿದ್ದ ಇಡುಗಂಟಿನ ನಾಲ್ಕು ನಕ್ಷೆಗಳ ಮೇಲೆ ಜುಮರೋಹಳ ಹೆಸರು ತಾನಾಗಿ ಬಂದು ನಿಂತಿತ್ತು. ಅವಳು ಅದನ್ನು ಮೂರು ಸಲ ನೋಡಿದಳು.

ಶನಿವಾರ ಸಭೆಗೆ ಮೊದಲು ರೋಜಿಕಿನ್ ಅವಳನ್ನು ಅಡುಗೆಮನೆಯ ಮೂಲೆಗೆ ಕರೆದ.

"ಸರಿಹೋಯ್ತಲ್ಲ, ಮುಗೀತು. ಕೇಳಿದ್ರೆ ಸಮುದ್ರದ ನೀರು ಹೊಕ್ಕು ಕೆಟ್ಟಿತ್ತು ಅನ್ನೋಣ ಬು. ಸಮುದ್ರ ಬಂದು ವಾದ ಮಾಡಲ್ಲ."

"ಹಂಗಂದ್ರೆ ಮುಂದಿನ ಸಲ ನೀರು ಬಂದಾಗೆಲ್ಲ ಹೆದರ್ತಾರೆ ಪಾ."

"ಹಂಗಾದ್ರೆ ಆ ಸೆಮರಾಂಗಿನವನ ಮೇಲೆ ಹಾಕಿ."

"ಅವನು ಪಾಪ ಊಟ ಮಾಡ್ತಿದ್ದ."

"ಹಿರಿಯರನ್ನ ಮೇಲೆ ಹಾಕಿ ಅಂದಿದ್ದು ನಾನು" ಎಂದ ರೋಜಿಕಿನ್, ಸಿಗರೇಟಿನ ತುದಿ ನೋಡುತ್ತ.

"ಬರೆದಿದ್ದು ನನ್ನ ಕೈ."

ಹದಿನಾಲ್ಕು ಮನೆಯವರೂ ಚಾಪೆಯ ಮೇಲೆ ಕೂತಿದ್ದರು. ಕಿಸ್ವತಿ ನಿಂತುಕೊಂಡಳು. ಅವಳಿಗೆ ಭಾಷಣ ಬರುವುದಿಲ್ಲ. ಕೈಯಲ್ಲಿ ಎರಡು ತುಂಡು ಬಿಳಿ ಬಟ್ಟೆ ಹಿಡಿದಿದ್ದಳು. ಒಂದರ ಮೂಲೆಗೆ ಒಂದು ಗಂಟು, ಇನ್ನೊಂದರ ಮೂಲೆಗೆ ಎರಡು.

"ಬಣ್ಣದ ಮನೆಗೆ ಬಟ್ಟೆ ಕಳಿಸುವಾಗ ಗಂಟು ಹಾಕ್ತೀವಲ್ಲ, ಒಂದು ಗಂಟಿನದು ಫತ್ಖುರ್ ಮನೇದು, ಎರಡು ಗಂಟಿನದು ಇನ್ನೊಬ್ಬರ ಮನೇದು ಅಂತ. ಯಂತ್ರಾನೂ ಹಂಗೇ ಗಂಟು ಹಾಕುತ್ತೆ. ನಾನು ಬಟ್ಟೆ ಗಂಟು ಬಿಚ್ಚದೆ, ಇನ್ಮುಂದೆ ಒಂದು ಗಂಟು ಅಂದ್ರೆ ತರ್ವಿಯಾ ಅಜ್ಜಿ ಅಂತ ಹೇಳ್ಬಿಟ್ಟೆ. ಬಣ್ಣದವನು ಏನು ಮಾಡ್ತಾನೆ? ಫತ್ಖುರ್ ಬಟ್ಟೆ ತಗೊಂಡು ಹೋಗಿ ಅಜ್ಜಿ ಮನೆಗೆ ಕೊಡ್ತಾನೆ."

"ಅವನ ತಪ್ಪಲ್ಲ" ಎಂದ ಬಣ್ಣದ ಮನೆಯವನು ತಟ್ಟನೆ.

"ಅಲ್ಲ. ನಂದು. ಸಮುದ್ರದ್ದೂ ಅಲ್ಲ, ಯಂತ್ರದ್ದೂ ಅಲ್ಲ. ಬುಧವಾರ ಅರ್ಧ ಗಂಟೆ ನಿಮ್ಮ ಬಾಗಿಲು ಬೇರೆಯವರಿಗೆ ತೆರೆದಿತ್ತು. ಈಗ ಗಂಟು ಹಳೇ ಪ್ರಕಾರ ಕೂರಿಸಿದೀನಿ. ಒಬ್ಬೊಬ್ಬರೇ ಬಂದು ನೋಡಿ. ನಂಬಿಕೆ ಇಲ್ಲ ಅಂದ್ರೆ ನಿಮ್ಮ ನಿಮ್ಮದನ್ನ ಡಿಸ್ಕಿಗೆ ತುಂಬಿಕೊಡ್ತೀನಿ, ಕೋಣೆ ಬೀಗದ ಕೈ ಪಾ ರೋಜಿಕಿನ್‌ಗೆ ಕೊಡ್ತೀನಿ."

ಹೇಳಿ ಮುಗಿಸಿ ಬಟ್ಟೆಯ ತುಂಡುಗಳನ್ನು ಮಡಿಸಿದಳು. ಫತ್ಖುರನ ಕಡೆ ಅವಳು ಒಂದು ಸಲವೂ ನೋಡಲಿಲ್ಲ.

ಹೊರಗೆ ಸಾರಿನವಳು ಬಟ್ಟಲಿಗೆ ಚಮಚ ಬಡಿಯುತ್ತಿದ್ದದ್ದು ಕೇಳುತ್ತಿತ್ತು. ಆಮೇಲೆ ಹಿಂದಿನ ಸಾಲಿನಲ್ಲಿ ಫತ್ಖುರ್ ಎದ್ದು ನಿಂತ. ಕಿವಿ ಕೆಂಪಗಾಗಿದ್ದವು.

"ನಾನು ನೋಡಿದೆ" ಎಂದ. "ಅಜ್ಜೀದು. ಮೊದಲು ನನ್ನದೇ ಅಂದ್ಕೊಂಡು ಒತ್ತಿದ್ದು. ಆಮೇಲೆ ಅಲ್ಲ ಅಂತ ಗೊತ್ತಾಯ್ತು. ಆದ್ರೂ ಮುಚ್ಲಿಲ್ಲ. ನಾಲ್ಕು ನೋಡಿದೆ. ನೀರುಹಕ್ಕಿ, ಕಮಲದ ಬಳ್ಳಿ... ಈ ಸಲ ನಾನು ಹಕ್ಕಿ ಬರೆಯಲ್ಲ, ಬಳ್ಳೀನೂ ಬರೆಯಲ್ಲ. ಎಲ್ಲರ ಮುಂದೆ ಹೇಳ್ತಿದೀನಿ."

"ಬರೆದಿದ್ರೂ ನಿನ್ನ ಕೈಗೆ ಬರ್ತಿರ್ಲಿಲ್ಲ ಬಿಡು" ಎಂದಳು ಜುಮರೋಹ್. "ಹೋದ ವರ್ಷದ ನಿನ್ನ ನವಿಲು ಬಾತುಕೋಳಿ ಹಂಗಿತ್ತು."

ಸಭೆ ಗೊಳ್ಳೆಂದಿತು. ಫತ್ಖುರನೂ ನಕ್ಕ, ಅಳು ಬಂದವನ ಹಾಗೆ. ತರ್ವಿಯಾ ಅಜ್ಜಿ ಮಾತ್ರ ನಗಲಿಲ್ಲ. ಕೋಲೂರಿ ಎದ್ದು, ಎಲ್ಲರಿಗಿಂತ ಮೊದಲು ಕಂಪ್ಯೂಟರಿನ ಮುಂದೆ ಹೋಗಿ ಕೂತು, ಮೇಕೆಯ ಹೆಸರು ಕುಟ್ಟಿದಳು. ತನ್ನ ಹೆಸರಿನ ಫೋಲ್ಡರ್ ಒತ್ತಿದಳು. ತೆರೆಯಿತು. ಫತ್ಖುರನದು ಒತ್ತಿದಳು. ಕೆಂಪಗೆ ಬಂತು.

"ಇದೆ ಬೀಗ" ಎಂದಳು ಸಭೆಗೆ. ಅವಳ ಹಿಂದೆ ಜುಮರೋಹ್ ಎದ್ದಳು, ಆಮೇಲೆ ಬಣ್ಣದ ಮನೆಯವನು, ಆಮೇಲೆ ಸಾಲು ಬೆಳೆಯಿತು. ರೋಜಿಕಿನ್ ಸರದಿ ಬಂದಾಗ ಯಾರೋ ಪಾರಿವಾಳದ ಹಾಗೆ ಗುಟರ್ ಗುಟರ್ ಎಂದರು. ಕೊನೆಯವರು ನೋಡಿ ಬಂದ ಮೇಲೆ ಬಣ್ಣದ ಮನೆಯವನು ಚಾಪೆ ಸುತ್ತುತ್ತ, "ಹಂಗಾದ್ರೆ ಬು, ಭಾನುವಾರ ಅಚ್ಚಿನವನಿಗೆ ಎಲ್ಲರದ್ದೂ ಇಲ್ಲಿಂದ್ಲೇ ಕಳಿಸೋದಲ್ವಾ?" ಎಂದು ಕೇಳಿದ, ಕೋಣೆ ಮುಚ್ಚುವ ಮಾತು ತಾನು ಆಡಿಯೇ ಇಲ್ಲವೆಂಬಂತೆ. ಕಿಸ್ವತಿ ಹೂಂ ಎಂದಳು.

ಎಲ್ಲರೂ ಹೊರಟ ಮೇಲೂ ಅಜ್ಜಿ ಕೂತೇ ಇದ್ದಳು. ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ ಫತ್ಖುರನನ್ನು ಕರೆದಳು.

"ಲೋ, ಬಾ ಇಲ್ಲಿ. ನಾಲ್ಕನೇದು ನೋಡಿದ್ಯಲ್ಲ, ನೀರುಹಕ್ಕೀದು. ಎಡಗಡೆ ರೆಕ್ಕೆ ಏನಾಗಿದೆ ಹೇಳು?"

ಅವನು ತಲೆ ತಗ್ಗಿಸಿದ. "ಮುಗಿದಿಲ್ಲ ಅಜ್ಜಿ. ಅರ್ಧಕ್ಕೆ ನಿಂತಿದೆ."

"ಯಾಕೆ ನಿಂತಿದೆ?" ಅಜ್ಜಿ ಬಲಗೈ ಚಾಚಿದಳು. ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲುಗುತ್ತಿದ್ದವು. "ನಾಲ್ಕು ತಿಂಗಳಿಂದ ಹಿಂಗೆ. ಯಾರಿಗೂ ಹೇಳಿರ್ಲಿಲ್ಲ. ಹ್ಯಾಗೂ ಕದ್ದು ನೋಡಿದೀಯ. ಶಿಕ್ಷೆ ಅಂದ್ಕೋ. ಆ ರೆಕ್ಕೆ ನೀನು ಮುಗಿಸು. ನಾನು ಪಕ್ಕದಲ್ಲಿ ಕೂತು ಬೈತೀನಿ. ನವಿಲು ಮಾಡಿದ ಹಂಗೆ ಮಾಡ್ಬೇಡ."

ಫತ್ಖುರ್ ಅಜ್ಜಿಯ ಕೈ ಹಿಡಿದು ಹಣೆಗೆ ಒತ್ತಿಕೊಂಡ.

"ಕಿಸ್" ಎಂದಳು ಅಜ್ಜಿ, "ಇವನಿಗೆ ಆ ಒಂದು ನಕ್ಷೆ ತೆರೆಯೋ ಹಂಗೆ ಮಾಡ್ಕೊಡು. ಒಂದೇ. ಮಿಕ್ಕಿದ್ದಕ್ಕೆ ಬೀಗ ಇರ್ಲಿ. ರೆಕ್ಕೆ ಮುಗಿದ ಮೇಲೆ ಇದನ್ನೂ ಮುಚ್ಚು."

ಕಿಸ್ವತಿ ಮಹಡಿ ಹತ್ತಿದಳು. ಕಿಟಕಿಯಾಚೆ ಸಮುದ್ರ ದೂರದಲ್ಲಿ ತನ್ನ ಪಾಡಿಗೆ ತಾನು ಮಿಂಚುತ್ತಿತ್ತು. ಪುಸ್ತಕದ ಇರುವೆ ಮುತ್ತಿದ ಪುಟವೊಂದನ್ನು ತಿರುಗಿಸಿ, ಸಾಲನ್ನು ಇನ್ನೊಮ್ಮೆ ಓದಿಕೊಂಡು, ಅಜ್ಜಿಯ 1014ರ ಫೋಲ್ಡರಿನ ಒಂದೇ ಒಂದು ನಕ್ಷೆಗೆ 1001ರ ಫತ್ಖುರನ ಹೆಸರು ಬರೆದಳು. ಕೆಳಗಿನಿಂದ ಆಗಲೇ ಅಜ್ಜಿ ಬೈಯಲು ಶುರು ಮಾಡಿದ್ದು ಕೇಳಿಸಿತು.